ಮೂವತ್ತಕ್ಕೂ ನಲವತ್ತಕ್ಕೂ ನಡುವೆ

ತೀರಿಕೊಂಡ ಶಿವಕಾಂತ ಸಾರ್ ಅವರನ್ನು ಅಂಗಳದಲ್ಲಿ ಕೂಡಿಸಿ, ಬೆನ್ನಿಗೆ ಹಲಗೆ ಕೊಟ್ಟು, ಹಣೆಗೆ ವಿಭೂತಿ ಬಳಿಯುತ್ತಿದ್ದಾಗ ಉಮಾಶ್ರೀ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಕೋಸಗಿಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ತೆಲಂಗಾಣ ಬೇರೆ ರಾಜ್ಯವಾಗಿ ಹತ್ತು ದಿನ; ಮಕ್ತಲ್‌ನ ಗೋಡೆಗಳ ಮೇಲೆ ಆ ಸಂಭ್ರಮದ ಗುಲಾಲು ಇನ್ನೂ ಮಾಸಿರಲಿಲ್ಲ.

"ಐದು ವರ್ಷಕ್ಕ ಈಗ ನೆಪ್ಪಾತೇನವಾ?" ಎಂದರು ಸಾರ್ ಅವರ ಅಣ್ಣ ಶರಣಯ್ಯ.

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಜೊತೆಗೆ ಓದಿದ್ದ ಬೀರೇಶ ಪಕ್ಕಕ್ಕೆ ಕರೆದ. "ಸಾರ್ ಚೀಟಿ ಬರ್ದಿಟ್ಟಾರ ಉಮಾ. ಸಮಾಧಿ ಕುಣ್ಯಾಗ ಯಾರ್ಯಾರು ಬಿಲ್ವಪತ್ರಿ ಏರ್ಸಬೇಕು ಅಂತ."

"ನನ್ನ ಹೆಸರೈತೇನು?"

ಬೀರೇಶ ಇಲ್ಲವೆಂದು ತಲೆಯಾಡಿಸಿದ. ಉಮಾಶ್ರೀ ಒಂದು ಎಲೆ ಏರಿಸಿ, ತಪ್ಪಾಯಿತು ಎನ್ನಬೇಕು, ಅಷ್ಟಕ್ಕೇ ಬಂದಿದ್ದಳು.

*

ಸಾರ್ ಕಾಲೇಜಿನಲ್ಲಿ ಕಲಿಸುತ್ತಿದ್ದುದು ಬೇಸಿಕ್, ಕಂಪ್ಯೂಟರಿನ ಹಳೆಯ ಭಾಷೆ. ಅದರಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ. ಇಂಥ ಸಾಲಿಗೆ ಹಾರು ಎಂದರೆ ಯಂತ್ರ ಹಾರುತ್ತದೆ. ಸಾರ್ ಅವರ ಮಾತೂ ಹಾಗೆಯೇ. ಊಟದ ಮಾತಿನಿಂದ ಗದ್ವಾಲದ ಸೀರೆಗೆ, ಅಲ್ಲಿಂದ ಮತ್ತೆ ಊಟಕ್ಕೆ.

ಉಮಾಶ್ರೀ ಅವರ ಕೈಯಲ್ಲೇ ಕಲಿತಳು. ಆಮೇಲೆ ಹೈದರಾಬಾದಿನಲ್ಲಿ 'ಸಿ' ಎಂಬ ಇನ್ನೊಂದು ಭಾಷೆ ಕಲಿತು ಅದೇ ಕಾಲೇಜಿಗೆ ಪಾಠ ಹೇಳಲು ಬಂದಳು. 'ಸಿ' ಕಟ್ಟುನಿಟ್ಟು. ಬಳಸುವ ಹೆಸರನ್ನೆಲ್ಲ ಮೊದಲೇ ಹೇಳಿರಬೇಕು, ಹೇಳದ ಹೆಸರನ್ನು ಯಂತ್ರ ಒಪ್ಪುವುದೇ ಇಲ್ಲ. ಬರಬರುತ್ತ ಅವಳೂ ಹಾಗೇ ಆದಳು. ಯಾರಾದರೂ ಮದುವೆಯ ಸುದ್ದಿ ಹೇಳಹೊರಟರೆ, "ಮೊದ್ಲು ಯಾರ್ಯಾರದಾರ ಹೇಳ್ರಿ" ಎಂದು ತಡೆಯುತ್ತಿದ್ದಳು.

ಒಂದು ದಿನ ಪ್ರಿನ್ಸಿಪಾಲರ ಎದುರಿಗೇ ಅಂದುಬಿಟ್ಟಳು. "ಸಾರ್ ಕಲ್ಸಿದ ಹುಡುಗ್ರಿಗೆ ಹಾರಾಕ ಬರ್ತೈತಿ, ವಿಚಾರ ಮಾಡಾಕ ಬರಂಗಿಲ್ರೀ."

ಪಕ್ಕದಲ್ಲೇ ಇದ್ದ ಸಾರ್ ನಕ್ಕರು. "ನಿನಗೂ ನಾನಽ ಕಲ್ಸಿದ್ದಲ್ಲೇನವಾ?"

ಮರುತಿಂಗಳು ಅವರ ಪಾಠ ನಿಂತಿತು, ಕೆಲಸವೂ ಹೋಯಿತು. ಅವಳು ಅದನ್ನು ಬಯಸಿರಲಿಲ್ಲ. ಬಯಸಿರಲಿಲ್ಲವೆಂದು ಅವರಿಗೆ ಹೇಳಲೂ ಇಲ್ಲ; ನಾಚಿಕೆಗೆ ಕೋಸಗಿಗೆ ಹೋಗಿ ಬೇರೆ ಕೆಲಸ ಹಿಡಿದಳು.

*

ಸಾರ್ ಅವರನ್ನು ಕುಣಿಯಲ್ಲಿ ಇಳಿಸಿ ಕೂಡಿಸಿದರು. ಶರಣಯ್ಯ ಚೀಟಿ ಬಿಚ್ಚಿ ಓದಿದರು.

"ಹತ್ತು, ವೀರಬಸಮ್ಮ." ಸಾರ್ ಅವರ ಹೆಂಡತಿ ಎಲೆ ಏರಿಸಿದರು. "ಇಪ್ಪತ್ತು, ಶರಣಯ್ಯ." ತಾವೇ ಏರಿಸಿದರು. "ಮೂವತ್ತು, ಬೀರೇಶ." ಅವನದೂ ಆಯಿತು. "ನಲವತ್ತು, ಮಣ್ಣು ಮುಚ್ಚೂದು. ಸಲಿಕಿ ತಗೋರಿ."

ಉಮಾಶ್ರೀ ಮುಂದೆ ಬಂದಳು. "ನಂದೊಂದು ಎಲಿ ರೀ."

"ಚೀಟ್ಯಾಗ ಹೆಸರಿಲ್ಲವಾ. ಹ್ವಾದವನ ಮಾತು ಮೀರಾಕ ಬರಂಗಿಲ್ಲ."

ಅವಳು ಹಿಂದೆ ಸರಿದಳು. ಅಯ್ಯೋ, ಅವಳಿಗೂ ಅದು ನ್ಯಾಯವೆಂದೇ ಕಂಡಿತು! ಹೇಳದ ಹೆಸರು ಇಲ್ಲವೆಂದೇ ಲೆಕ್ಕ. ವರ್ಷವರ್ಷವೂ ಮಕ್ಕಳಿಗೆ ಅದನ್ನೇ ಕಲಿಸಿದ್ದಳು.

"ನಿಂದರ್ರಿ ಭಾವ," ವೀರಬಸಮ್ಮ ಅಂದರು. "ಒಂದು, ಎರಡು, ಮೂರು ಅಂತ ಯಾಕ ಬರ್ದಿಲ್ಲ ಅವ್ರು?"

"ಅವನ ಚಟ."

"ಸಂತಿ ಚೀಟಿನೂ ಹಿಂಗಽ ಬರೀತಿದ್ರು. ಮರ್ತದ್ದು ನೆಪ್ಪಾದ್ರ, ತಡಾ ಮಾಡಿ ಯಾರರೆ ಬಂದ್ರ, ನಡುವ ಸೇರ್ಸಾಕ ಜಾಗ ಇರ್ಲಿ ಅಂತಿದ್ರು. ಬರ್ದದ್ದು ಅಳಸೂದು ಬ್ಯಾಡ ಅಂತ."

ಬೇಸಿಕ್ಕಿನ ಸಾಲುಗಳಿಗೆ ಹತ್ತು, ಇಪ್ಪತ್ತು ಎಂದೇ ಸಂಖ್ಯೆ ಕೊಡಬೇಕೆಂದು ಮೊದಲ ವಾರವೇ ಸಾರ್ ಕಲಿಸಿದ ಪಾಠ ಅದು. ಹಾರುವುದನ್ನು ನೆನಪಿಟ್ಟುಕೊಂಡು ಹಂಗಿಸಿದ ಉಮಾಶ್ರೀ ಇದನ್ನು ಮರೆತೇಬಿಟ್ಟಿದ್ದಳು.

"ಈಕಿ ಸಲುವಾಗಿ ಬಿಟ್ಟಾನಂತ ಏನು ಗ್ಯಾರಂಟಿ?" ಶರಣಯ್ಯ ಕೇಳಿದರು.

"ಯಾರ ಸಲುವಾಗೂ ಬಿಟ್ಟಿಲ್ರಿ. ಬಿಟ್ಟಾರ, ಅಷ್ಟ."

ವೀರಬಸಮ್ಮ ಬೀರೇಶನ ಜೇಬಿನಿಂದ ಪೆನ್ನು ತೆಗೆದು, ಅವನ ಬೆನ್ನ ಮೇಲೆ ಚೀಟಿ ಇಟ್ಟು, ಮೂವತ್ತಕ್ಕೂ ನಲವತ್ತಕ್ಕೂ ನಡುವೆ ಮೂವತ್ತೈದು ಎಂದು ಬರೆದರು. ಪೆನ್ನನ್ನು ಉಮಾಶ್ರೀಯ ಕೈಗೆ ಕೊಟ್ಟರು. "ಹೆಸರು ನೀನಽ ಬರಿಯವ್ವಾ."

ಬರೆಯುವಾಗ ಅವಳ ಕಣ್ಣೀರು ನಿಲ್ಲಲಿಲ್ಲ. ಶರಣಯ್ಯ ಚೀಟಿ ಇಸಿದುಕೊಂಡರು.

"ಮೂವತ್ತೈದು," ಎಂದು ಗಟ್ಟಿಯಾಗಿ ಓದಿದರು. "ಉಮಾಶ್ರೀ."

ಸಲಿಕೆ ಎತ್ತಿದ್ದ ಇಬ್ಬರು ತುಂಬಿಕೊಂಡಿದ್ದ ಮಣ್ಣನ್ನು ಮತ್ತೆ ಗುಡ್ಡೆಗೇ ಸುರಿದು, ಅವಳಿಗೆ ಇಳಿಯಲು ದಾರಿ ಬಿಟ್ಟು ನಿಂತರು.