ಹನ್ನೊಂದು ಮಂದಿಯ ಪಟ್ಟಿ

ಕಿವಿ ಮಂದವಾದವರಿಗೆ ಎದುರಿನವರು ಎರಡು ಸಲ ಹೇಳುತ್ತಾರೆ. ಮೂರನೆಯ ಸಲಕ್ಕೆ "ಹೋಗ್ಲಿ ಬಿಡಿ" ಅನ್ನುತ್ತಾರೆ. ಕೈಗಡಿಯಾರ ರಿಪೇರಿ ಮಾಡುವ ಒಬ್ಬರಿಗೆ ಈ "ಹೋಗ್ಲಿ ಬಿಡಿ" ಕೇಳಿ ಕೇಳಿ ಸಾಕಾಗಿತ್ತು.

ಅದಕ್ಕೇ ಅವರು ತಮ್ಮಂಥ ಹತ್ತು ಮಂದಿಯನ್ನು ಕಲೆಹಾಕಿದರು. ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಭಾನುವಾರ ಸೇರಿ, ಎಲ್ಲರೂ ಕೈಹಾಕಿ ಒಂದು ಆ್ಯಪ್ ಕಟ್ಟತೊಡಗಿದರು. ಎದುರಿನವರು ಆಡಿದ ಮಾತು ಫೋನಿನಲ್ಲಿ ಅಕ್ಷರವಾಗಿ ಮೂಡಬೇಕು, ಅಷ್ಟೇ ಅವರ ಆಸೆ. ಆ ಕೆಲಸಕ್ಕೆಂದು ಒಬ್ಬೊಬ್ಬರೂ ತಮ್ಮ ಧ್ವನಿ ಮುದ್ರಿಸಿ ಕೊಟ್ಟರು, ಕಿವಿ ಪರೀಕ್ಷೆಯ ವರದಿಯನ್ನೂ ಕೊಟ್ಟರು. ಹೆಸರು, ಫೋನ್ ನಂಬರು, ಎಡಗಿವಿ ಎಷ್ಟು ಕೇಳುತ್ತದೆ, ಬಲಗಿವಿ ಎಷ್ಟು, ಎಲ್ಲವನ್ನೂ ಗಡಿಯಾರದವರು ಒಂದೇ ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟರು.

ಒಂದು ದಿನ ಬೇರೆ ಊರಿನ ತಂಡವೊಂದು ಬರೆಯಿತು: ನಿಮ್ಮ ಮಾಹಿತಿ ಕೊಟ್ಟರೆ ಗದ್ದಲದ ನಡುವೆಯೂ ಆ್ಯಪ್ ಕೆಲಸ ಮಾಡುವಂತೆ ಮಾಡುತ್ತೇವೆ. ಗಡಿಯಾರದವರಿಗೆ ಹಿಡಿಸಲಾರದಷ್ಟು ಸಂತೋಷ. ಇಡೀ ಪಟ್ಟಿಯನ್ನು, ಧ್ವನಿಗಳ ಸಮೇತ, ಆ್ಯಪ್ ಯೋಜನೆಯ ವೆಬ್ ಪುಟದಲ್ಲಿ ಹಾಕಿಬಿಟ್ಟರು. ಅದು ಯಾರು ಬೇಕಾದರೂ ನೋಡಬಹುದಾದ, ನಕಲು ಮಾಡಿಕೊಳ್ಳಬಹುದಾದ ಪುಟ.

ವಾರ ಕಳೆದ ಮೇಲೆ, ಮಧ್ಯಾಹ್ನ ಊಟಕ್ಕೆ ಕೂತಾಗ ಈ ಸುದ್ದಿಯನ್ನು ನಾದಿನಿಗೆ ಹೇಳಿದರು. ಅವಳು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೆಲಸ ಮಾಡುವವಳು.

"ಪಟ್ಟಿಯಲ್ಲಿರೋರನ್ನ ಕೇಳಿದ್ರಾ ಭಾವ?" ಅಂದಳು.

"ಕೇಳೋದೇನಿದೆ? ಕೊಟ್ಟೋರೇ ಅವರು."

"ಕೊಟ್ಟಿದ್ದು ನಿಮಗೆ. ರಿಪೇರಿಗೆ ಬಂದ ಗಡಿಯಾರನ ಪಕ್ಕದ ಅಂಗಡಿಯವನಿಗೆ ಎತ್ತಿ ಕೊಡ್ತೀರಾ?"

"ಅದು ಬೇರೆ, ಇದು ಬೇರೆ. ಇದು ಎಲ್ಲರಿಗೂ ಒಳ್ಳೇದಾಗೋ ಕೆಲಸ."

"ಒಳ್ಳೇದೇ ಇರಬಹುದು. ಹೂಂ ಅನ್ನಬೇಕಾದೋರು ಅವರು. ಕಿವಿ ಮಂದ ಸರಿ, ಬುದ್ಧಿಗೇನಾಯ್ತು ನಿಮಗೆ?"

ಹೆಂಡತಿ ನಕ್ಕಳು. ಗಡಿಯಾರದವರು ನಾದಿನಿಯದು ಯಾವಾಗಲೂ ಅತಿಯೇ ಅಂದುಕೊಂಡು ಕೈತೊಳೆಯಲು ಎದ್ದರು.

ಅದೇ ಸಂಜೆ ಸಂಗೀತದ ಟೀಚರ್ ಅಂಗಡಿಗೆ ಬಂದರು. ಹನ್ನೊಂದು ಮಂದಿಯಲ್ಲಿ ಅವರೂ ಒಬ್ಬರು. ಬಲಗಿವಿ ಮುಕ್ಕಾಲು ಪಾಲು ಹೋಗಿದೆ ಎಂಬುದು ಅವರ ಗಂಡನಿಗೆ ಮತ್ತು ಮಹಡಿಯ ಕೋಣೆಯಲ್ಲಿ ಸೇರುವವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವರು ಗಡಿಯಾರದವರ ಮುಖಕ್ಕೆ ಎದುರಾಗಿ ನಿಂತು, ಒಂದು ಪದವೂ ತಪ್ಪಿಹೋಗದಂತೆ ನಿಧಾನವಾಗಿ ಹೇಳಿದರು.

"ಒಬ್ಬ ಹುಡುಗಿಯ ತಂದೆ ನಿಮ್ಮ ಪುಟ ನೋಡಿದಾರೆ. ಅದರಲ್ಲಿ ನನ್ನ ಹೆಸರು, ನನ್ನ ಕಿವಿ. ಶ್ರುತಿ ಕೇಳಿಸದೋರು ಏನು ಕಲಿಸ್ತಾರೆ ಅಂತ ಮಗಳನ್ನ ಬಿಡಿಸಿದಾರೆ. ಇನ್ನೂ ಇಬ್ಬರು ಬರ್ತಿಲ್ಲ."

ಗಡಿಯಾರದವರು ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟು, "ನಾನು ಒಳ್ಳೇದಕ್ಕೇ ಮಾಡಿದ್ದು ಮೇಡಂ" ಅಂದರು.

"ಗೊತ್ತು. ಒಂದು ಮಾತು ಕೇಳಬಹುದಿತ್ತು."

ಅವರು ಹೋದ ಮೇಲೆ ಗಡಿಯಾರದವರು ಪಟ್ಟಿಯನ್ನು ಪುಟದಿಂದ ತೆಗೆದುಹಾಕಿದರು. ಫೋನಿನ ಸದ್ದು ಪೂರ್ತಿ ಏರಿಸಿ ನಾದಿನಿಗೆ ಕರೆ ಮಾಡಿ, "ತೆಗೆದೆ. ಇನ್ನು ಸರಿಯಾಯ್ತಲ್ಲ?" ಅಂದರು.

"ನಿಮ್ಮ ಪುಟದಿಂದ ಹೋಯ್ತು. ಯಾರಾದ್ರೂ ಆಗಲೇ ಇಳಿಸಿಕೊಂಡಿದ್ರೆ ಅವರ ಹತ್ರ ಇದ್ದೇ ಇರುತ್ತೆ. ಆ ತಂಡಕ್ಕೆ ಬರೆದು ಅಳಿಸೋಕೆ ಹೇಳಿ."

"ಹೆಸರು ತೆಗೆದು ಆ ತಂಡಕ್ಕೆ ಕೊಟ್ರೆ?"

"ಫೋನ್‌ನಲ್ಲಿ ಬೇರೆ ನಂಬರಿಂದ ನೀವು ಮಾತಾಡಿದ್ರೂ ನಾನು ಹೆಸರು ಕೇಳ್ತೀನಾ? ಧ್ವನಿಯಲ್ಲೇ ಗುರುತು ಹಿಡೀತೀನಿ. ಹೆಸರಿಲ್ಲದಿದ್ರೂ ಧ್ವನಿ ಯಾರದು ಅಂತ ಗೊತ್ತಾಗುತ್ತೆ ಭಾವ. ಅದನ್ನೂ ಸದಸ್ಯರಿಗೆ ಹೇಳಿಯೇ ಕೇಳಬೇಕು."

ಪಟ್ಟಿ ಅಳಿಸಲು ಆ ತಂಡಕ್ಕೆ ಬರೆದ ಮೇಲೆ, ಮುಂದಿನ ಭಾನುವಾರ ಗಡಿಯಾರದವರು ಎಲ್ಲರ ಮುಂದೆ ತಪ್ಪೊಪ್ಪಿಕೊಂಡರು. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಟ್ಟರು. ಏನನ್ನು ಕೊಡುತ್ತೇವೆ, ಯಾರಿಗೆ, ಯಾತಕ್ಕೆ, ಎಷ್ಟು ದಿನಕ್ಕೆ ಎಂದು ಸರಳವಾಗಿ ಬರೆದಿತ್ತು. ಧ್ವನಿಗೆ ಬೇರೆ ಸಾಲು, ವರದಿಗೆ ಬೇರೆ ಸಾಲು. ಈಗ ಒಪ್ಪಿ ಆಮೇಲೆ ಬೇಡ ಅನ್ನಬಹುದು, ಅಂದಿನಿಂದ ಮುಂದಕ್ಕೆ ಬಳಸುವುದಿಲ್ಲ ಎಂದೂ ಇತ್ತು.

ಗುಂಪಿನಲ್ಲಿದ್ದ ಬಡಗಿಯೊಬ್ಬ ಹಾಳೆಯನ್ನು ಎರಡು ಸಲ ಓದಿ, "ನಾನು ಬೇಡ ಅಂದ್ರೆ ಗುಂಪಿಂದ ಕಳಿಸ್ತೀರಾ?" ಎಂದ.

"ಇಲ್ಲ. ನಿನ್ನ ಕುರ್ಚಿ ನಿನ್ನದೇ."

"ಹಾಗಾದ್ರೆ ಧ್ವನಿ ತಗೊಳ್ಳಿ, ವರದಿ ಬೇಡ."

ಒಂಬತ್ತು ಮಂದಿ ಧ್ವನಿಗೆ ಒಪ್ಪಿದರು, ಐದು ಮಂದಿ ವರದಿಗೆ. ಆ ತಂಡಕ್ಕೆ ಹೋದದ್ದು ಅಷ್ಟೇ, ಹೆಸರು ನಂಬರು ಇಲ್ಲದೆ. ಕೆಲಸ ನಿಧಾನವಾಯಿತು, ನಿಲ್ಲಲಿಲ್ಲ.

ಸಂಗೀತದ ಟೀಚರ್ ಎರಡು ಸಾಲಿಗೂ 'ಬೇಡ' ಎಂದು ಬರೆದರು. ಏಳುವ ಮುಂಚೆ ಗಡಿಯಾರದವರಿಗೆ ಅಂದರು: "ಉಳಿದ ಮಕ್ಕಳ ಮನೆಗೆ ಹೋಗಿ ನನ್ನ ಕಿವಿ ವಿಷಯ ನಾನೇ ಹೇಳಿದೆ. ನಾಲ್ವರು ಇನ್ನೂ ಕಳಿಸ್ತಿದಾರೆ. ಹೇಳೋದೇ ಆಗಿದ್ರೆ ನಾನೇ ಹೇಳಬೇಕಿತ್ತು, ನಿಮ್ಮ ಪಟ್ಟಿ ಅಲ್ಲ."

ಗಡಿಯಾರದವರು ತಲೆಯಾಡಿಸಿದರು. ಬಿಟ್ಟುಹೋದ ಮೂವರು ಮಕ್ಕಳು ಮರಳಿ ಬರಲಿಲ್ಲ.

ನೀವೂ ಹತ್ತು ಜನ ಸೇರಿ ಆ್ಯಪ್ ಕಟ್ಟುತ್ತಿದ್ದರೆ, ಸದಸ್ಯರ ಮಾಹಿತಿ ನಿಮ್ಮ ಕೈಯಲ್ಲಿದ್ದರೆ, ಹೊರಗೆ ಕೊಡುವ ಮೊದಲು ಒಬ್ಬೊಬ್ಬರನ್ನೂ ಕೇಳಿ. ಸುಮ್ಮನಿದ್ದವರನ್ನು ಒಪ್ಪಿದವರ ಲೆಕ್ಕಕ್ಕೆ ಸೇರಿಸಬೇಡಿ. ನೀವು ಸದಸ್ಯರಾಗಿದ್ದರೆ, ನಿಮ್ಮ ಮಾಹಿತಿ ಎಲ್ಲಿಗೆ ಹೋಗುತ್ತಿದೆ ಎಂದು ಇವತ್ತೇ ವಿಚಾರಿಸಿ. ಬೇಡ ಅನಿಸಿದರೆ ಸಂಕೋಚಪಡದೆ ಬೇಡ ಎನ್ನಿ.