ನೋಡಿದವರ ಹೆಸರು

ಯಾವ ಫೋಟೋವನ್ನು ಯಾರು ನೋಡಿದರೆಂದು ಹೆಸರು ಸಮೇತ ತೋರಿಸುವ, ಆ್ಯಪ್‌ನ ಹೊಸ ಫೀಚರ್ ಸಂಜೆ ಐದಕ್ಕೆ ಎಲ್ಲರ ಫೋನಿಗೂ ಹೋಗಬೇಕಿತ್ತು. ಅದನ್ನು ಕಟ್ಟಿದವಳು ಕೊನೆಯ ಸಲ ತನ್ನದೇ ಖಾತೆಯಲ್ಲಿ ಪರೀಕ್ಷಿಸಿದಳು. ಮಗಳ ಪ್ರತಿಯೊಂದು ಫೋಟೋದ ಕೆಳಗೂ ಮೊದಲ ಹೆಸರು ಅಣ್ಣನದು. ಅಪ್ಪನನ್ನು ಕೊನೆಗಾಲದಲ್ಲಿ ಯಾರು ನೋಡಿಕೊಂಡರೆಂಬ ಜಗಳದಲ್ಲಿ ಮನಸ್ಸು ಮುರಿದುಕೊಂಡು ಹೋದ ಅಣ್ಣ ಆರು ವರ್ಷದಿಂದ ಒಂದು ಮಾತೂ ಆಡಿರಲಿಲ್ಲ, ಒಂದು ಲೈಕ್ ಕೂಡ ಒತ್ತಿರಲಿಲ್ಲ.

ತಾನು ನೋಡುವುದು ತಂಗಿಗೆ ಕಾಣುತ್ತದೆಂದು ಗೊತ್ತಾದರೆ ಆ ಹಟಮಾರಿ ನಾಳೆಯಿಂದ ಇತ್ತ ತಲೆ ಹಾಕಿಯೂ ಮಲಗುವುದಿಲ್ಲ.

"ಬೇಕಾದವರು ಮಾತ್ರ ಆನ್ ಮಾಡ್ಕೊಳ್ಳೋ ಹಾಗೆ ಇಡೋಣ ಮೇಡಂ," ಎಂದಳು ತಂಡದ ಮುಖ್ಯಸ್ಥೆಗೆ. "ಸಂಕೋಚದಿಂದ ನೋಡೋರು ನೋಡೋದನ್ನೇ ಬಿಟ್ಬಿಡ್ತಾರೆ."

"ಕಿಟಕೀಲಿ ಇಣುಕೋರು ಬಾಗಿಲಿಗೇ ಬರ್ಲಿ ಬಿಡು. ಮೂರು ತಿಂಗಳು ಹೊತ್ತವಳು ನೀನೇ, ಹೆರೋ ಹೊತ್ತಿಗೆ ಬೇಡ ಅಂದ್ರೆ ಹೇಗಮ್ಮ?"

ಆಗಲೇ ನಾಲ್ಕು ದಾಟಿತ್ತು. ಅವಳು ಮೆಟ್ಟಿಲ ಬಳಿ ಹೋಗಿ, ಇಷ್ಟು ವರ್ಷ ಅಳಿಸಲು ಮನಸ್ಸು ಬಾರದ ನಂಬರನ್ನು ಒತ್ತಿದಳು.

"ಅಣ್ಣಾ, ನಾನು."

ಫೋನ್ ಇಟ್ಟೇಬಿಡುತ್ತಾನೆ ಅಂದುಕೊಂಡಳು.

"ಮಗೂಗೆ ಮುಂದಿನ ಹಲ್ಲು ಬಿತ್ತಲ್ಲ," ಎಂದ ಅವನು. "ನಿಂಗೂ ಅದೇ ವಯಸ್ಸಲ್ಲೇ ಬಿದ್ದಿದ್ದು."

ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಇವತ್ತು ಸಂಜೆಯಿಂದ ನೋಡಿದೋರ ಹೆಸರು ಕಾಣತ್ತೆ ಅಣ್ಣಾ," ಎಂದಳು. "ಆದ್ರೂ ನೋಡ್ತಾ ಇರು."