ತಪ್ಪು ಹೊಟ್ಟೆಗೆ ಹಾಕಿಕೊಳ್ಳುವ ಕೋಲು

ಸಲಹೆ ಕೊಡುವವರಿಗೆ ಕೈ ನೋಯುವುದಿಲ್ಲ. ನನ್ನ ಮಗಳ ಗಾಲ್ಫ್ ಚೀಲದಲ್ಲಿ ಯಾವ ವೆಡ್ಜ್ ಇರಬೇಕು ಎಂಬ ಒಂದು ಪ್ರಶ್ನೆಗೆ ಕ್ಲಬ್ಬಿನ ಟೀ ಮೇಜಿನ ಸುತ್ತ ಎಷ್ಟು ಬಾಯಿಗಳಿದ್ದವೋ ಅಷ್ಟೂ ಉತ್ತರಗಳು ಬಂದವು. ಉತ್ತರ ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ವೆಡ್ಜ್ ಎಂದರೆ ಮರಳುಗುಂಡಿಗೆ ಬಿದ್ದ ಚೆಂಡನ್ನು ಎತ್ತಿ ಹೊರಗೆ ಹಾಕುವ ಕೋಲು. ಅದರಲ್ಲಿ ಎರಡು ಜಾತಿ. ಒಂದರ ತಳ ತೆಳ್ಳಗೆ. ನೋಡಲು ಲಕ್ಷಣ, ಆದರೆ ಹೊಡೆತ ಕೂದಲೆಳೆಯಷ್ಟು ತಪ್ಪಿದರೂ ಚೆಂಡು ಅಲ್ಲೇ ಹೂತುಕೊಳ್ಳುತ್ತದೆ, ಇಲ್ಲವೇ ಹುಲ್ಲುಹಾಸನ್ನೇ ದಾಟಿ ಪೊದೆ ಸೇರುತ್ತದೆ. ಇನ್ನೊಂದರ ತಳ ಅಗಲ. ನೋಡಲು ಇಸ್ತ್ರಿಪೆಟ್ಟಿಗೆಯ ತಂಗಿ, ಆದರೆ ಅಷ್ಟಿಷ್ಟು ಹಿಂದೆ ಮುಂದೆ ಹೊಡೆದರೂ ಮರಳಿನ ಮೇಲೆ ಜಾರಿ ಚೆಂಡನ್ನು ಈಚೆ ತರುತ್ತದೆ. ಆಡುವವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ ಎಂದು ಕೋಚ್ ವಿವರಿಸಿದ್ದರು. ಮಗಳ ಉಳಿದ ಆಟವೆಲ್ಲ ಚೆನ್ನಾಗಿತ್ತು. ಮರಳಿಗೆ ಬಿದ್ದರೆ ಮಾತ್ರ ಕೈಕಾಲು ಬಿಡುತ್ತಿದ್ದಳು. "ಅಗಲ ತಳದ್ದೇ ಕೊಡ್ಸಿ. ಬೇರೇನೂ ಬೇಡ," ಎಂದಿದ್ದರು.

ಭಾನುವಾರ ಕ್ಲಬ್ಬಿನ ಕಿರಿಯರ ತಂಡದ ಆಯ್ಕೆ. ತಂಡಕ್ಕೆ ಸೇರಿದರೆ ಮೈದಾನ, ಕೋಚ್ ಎಲ್ಲ ಕ್ಲಬ್ಬಿನದೇ. ಸೇರದಿದ್ದರೆ ಅವಳ ಆಟ ಅಲ್ಲಿಗೆ ಮುಗಿಯಿತು. ನಾನು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ದುಡಿದು ಒಬ್ಬಳೇ ಮನೆ ಎಳೆಯುವವಳು. ಇದಕ್ಕಿಂತ ಹೆಚ್ಚು ಎಳೆದರೆ ಹಗ್ಗ ಹರಿಯುತ್ತದೆ. ಅದು ಅವಳಿಗೂ ಗೊತ್ತಿತ್ತು.

ಅಗಲ ತಳದ ವೆಡ್ಜ್ ತಂದು ಅವಳ ಕೈಗಿಡಲು ಗುರುವಾರ ಕ್ಲಬ್ಬಿಗೆ ಹೋದೆ. ಟೀ ಮೇಜಿನಲ್ಲಿ ನನ್ನ ಅಣ್ಣ, ಅವನ ಜೊತೆಗಾರರಾದ ವಕೀಲರು, ಕಣ್ಣಿನ ಡಾಕ್ಟರು ಕೂತಿದ್ದರು. ಮೂವರೂ ವಾರಕ್ಕೆರಡು ಸಲ ಒಟ್ಟಿಗೆ ಆಡುವವರು.

"ಏನಮ್ಮಾ ಇದು, ವೆಡ್ಜೋ ಸಲಿಕೆಯೋ?" ಎಂದರು ವಕೀಲರು.

"ಸಲಿಕೆ ಅನ್ಬೇಡಿ, ಸಲಿಕೆಗೆ ಬೇಜಾರಾಗುತ್ತೆ," ಎಂದರು ಡಾಕ್ಟರು. "ಮಂಡಿ ಆಪರೇಷನ್ ಆದವರಿಗೆ ಸರಿ ಇದು. ಹದಿನೈದರ ಹುಡುಗಿಗೆ ಯಾಕೆ?"

"ಕೋಚ್ ಹೇಳಿದ್ದು."

"ಕೋಚ್ ಹೇಳ್ತಾನೆ, ಅವನಿಗೇನು," ಎಂದ ಅಣ್ಣ. "ಮೊದಲ ದಿನದಿಂದ ಸೊಂಟಕ್ಕೆ ಟ್ಯೂಬ್ ಕಟ್ಕೊಂಡಿದ್ರೆ ಈಜು ಯಾವಾಗ ಬರೋದು? ನಾನೇನು ಇಂಥದ್ದರಲ್ಲಿ ಕಲಿತ್ನಾ?"

"ಹಾಗನ್ನಿ ಮತ್ತೆ!" ಡಾಕ್ಟರು ಮೇಜು ತಟ್ಟಿದರು. "ನಂದು ತೆಳು ತಳದ್ದೇ. ತಪ್ಪು ಹೊಡೆದ್ರೆ ಕೈ ಜುಂ ಅನ್ಬೇಕು. ಆಗ್ಲೇ ಬುದ್ಧಿ ಬರೋದು."

"ಇಪ್ಪತ್ತು ವರ್ಷದಿಂದ ಜುಂ ಅಂತಾನೇ ಇದೆಯಲ್ಲ ಡಾಕ್ಟ್ರೇ, ಬುದ್ಧಿ ದಾರಿ ತಪ್ಪಿತಾ?" ವಕೀಲರು ಕೇಳಿದರು.

ಎಲ್ಲರೂ ನಕ್ಕರು. ಮಗಳು ನಗಲಿಲ್ಲ. ವೆಡ್ಜನ್ನು ತಲೆ ಕೆಳಗಾಗಿ ಚೀಲಕ್ಕೆ ತುರುಕಿದಳು.

ನಾನು ಅಣ್ಣನಿಗೆ ಇನ್ನೊಂದು ಟೀ ತರಿಸಿದೆ. ನಾನು ಲ್ಯಾಬಿನಲ್ಲಿ ಹಲ್ಲು ಉಜ್ಜುತ್ತಿರುವಾಗ ಶಾಲೆಯ ಗೇಟಿನಿಂದ ಅವಳನ್ನು ಮೈದಾನಕ್ಕೂ ಮೈದಾನದಿಂದ ಮನೆಗೂ ಮುಟ್ಟಿಸುವವನು ಅವನೇ. ಉಪಕಾರ ಮಾಡಿದವರು ಉಪದೇಶವನ್ನೂ ಜೊತೆಗೇ ಕೊಡುತ್ತಾರೆ. ಒಂದನ್ನು ತೆಗೆದುಕೊಂಡು ಇನ್ನೊಂದನ್ನು ವಾಪಸ್ ಮಾಡಲಾಗುವುದಿಲ್ಲ.

ಆದರೂ ಅದೇ ಸಂಜೆ ಅಭ್ಯಾಸದ ಗುಂಡಿಯಲ್ಲಿ ಅವಳು ಹೊಡೆದ ಚೆಂಡುಗಳು ಒಂದರ ಹಿಂದೊಂದು ಹೊರಗೆ ಬಂದವು. ಅಂದವಾಗಿಯೇನಲ್ಲ, ಮಣ್ಣಿನಿಂದ ಕಪ್ಪೆ ಎದ್ದ ಹಾಗೆ. ಬಂದವಲ್ಲ! ನಾನು ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಶನಿವಾರ ಮಧ್ಯಾಹ್ನ ಲ್ಯಾಬ್ ಮುಗಿಸಿ ನೇರ ಮೈದಾನಕ್ಕೆ ಬಂದೆ. ಅಣ್ಣ ಕಾರಿಗೆ ಒರಗಿ ನಿಂತಿದ್ದ, ಮುಖದಲ್ಲಿ ಬಹುಮಾನ ಗೆದ್ದ ಕಳೆ.

"ನೋಡು ಕಣೇ. ಕೊಬ್ಬು ಕರಗಿಸಿಬಿಟ್ಟೆ."

ಅವನ ಕೈಯಲ್ಲಿದ್ದದ್ದು ಮಗಳ ವೆಡ್ಜ್. ಗುರುತು ಸಿಗಲಿಲ್ಲ. ಅಗಲ ತಳ ಹೋಗಿ ಚಾಕುವಿನ ಬೆನ್ನಿನಷ್ಟಾಗಿತ್ತು. ಗೆಳೆಯನ ವರ್ಕ್‌ಶಾಪಿನಲ್ಲಿ ಗ್ರೈಂಡರಿಗೆ ಹಿಡಿಸಿದ್ದನಂತೆ.

"ಈಗ ನೋಡು, ಥೇಟ್ ದೊಡ್ಡ ಆಟಗಾರರದ್ದೇ! ಯಾರೂ ಸಲಿಕೆ ಅನ್ನಲ್ಲ."

"ಅಣ್ಣಾ, ಯಾವುದಕ್ಕೋಸ್ಕರ ಇದನ್ನ ತಂದಿದ್ನೋ ಅದನ್ನೇ ಉಜ್ಜಿ ಹಾಕಿದ್ದೀಯಲ್ಲ! ನನ್ನನ್ನೊಂದು ಮಾತು ಕೇಳೋಕಾಗ್ಲಿಲ್ವಾ?"

"ಜಿಂಕೆನೇ ಕೊಟ್ಟಳು. ಕೇಳು ಬೇಕಾದ್ರೆ."

ಜಿಂಕೆ ಎಂದರೆ ನನ್ನ ಮಗಳು. ಅವಳು ತನ್ನ ಬೂಟನ್ನು ನೋಡುತ್ತ ನಿಂತಿದ್ದಳು. "ಎಲ್ರೂ ನಗ್ತಾರಮ್ಮ," ಎಂದಳು.

ಕೂಗಾಡಲು ಬಾಯಿ ತೆರೆದೆ, ಯಾರ ಮೇಲೆ ಎಂದು ತಿಳಿಯಲಿಲ್ಲ. ತಳದ ಮೇಲೆ ಹೆಬ್ಬೆರಳು ಆಡಿಸಿದೆ. ಹಲ್ಲಾಗಲಿ ಕಬ್ಬಿಣವಾಗಲಿ, ಉಜ್ಜಿ ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಅಂಗಡಿಗೆ ಫೋನ್ ಮಾಡಿದೆ, ಅಲ್ಲಿ ಇದ್ದದ್ದೂ ಅದೊಂದೇ. ಬೇರೆ ತರಿಸಿಕೊಡಲು ವಾರ ಬೇಕು ಎಂದರು.

ಮಗಳು ಗುಂಡಿಗಿಳಿದು ಪ್ರಯತ್ನಿಸಿದಳು. ಮೊದಲ ಚೆಂಡು ಮರಳಲ್ಲೇ ಉಳಿಯಿತು. ಎರಡನೆಯದು ಬೇಲಿ ದಾಟಿತು. ಮೂರನೆಯದಕ್ಕೆ ಕೈ ಎತ್ತಿದವಳು ಹಾಗೇ ಇಳಿಸಿ ಬೆನ್ನು ತಿರುಗಿಸಿದಳು. ಅತ್ತದ್ದು ಕಾಣಬಾರದೆಂದು.

ನಾನು ಸರಸರನೆ ಅಣ್ಣನ ಕಾರಿಗೆ ಹೋಗಿ ಡಿಕ್ಕಿ ತೆರೆದೆ. ಅವನ ಚೀಲದಲ್ಲಿ ಯಾವುದಾದರೊಂದು ಇದಕ್ಕಿಂತ ವಾಸಿ ಇರಲೇಬೇಕು. ಚೀಲದ ಮೂಲೆಯಲ್ಲಿ, ಉಣ್ಣೆಯ ಕಾಲುಚೀಲ ತೊಡಿಸಿದ್ದ ಒಂದು ಕೋಲಿತ್ತು.

"ಅದು ಬೇಡ ಕಣೇ, ಅದು ಹಳೇದು!" ಅಣ್ಣ ಓಡಿ ಬಂದ. ಅವನು ಓಡಿದ್ದನ್ನು ನಾನು ನೋಡಿ ವರ್ಷಗಳಾಗಿದ್ದವು.

ಕಾಲುಚೀಲ ಎಳೆದೆ. ಒಳಗಿದ್ದದ್ದು ನಾನು ತಂದದ್ದಕ್ಕಿಂತ ಅಗಲ ತಳದ ವೆಡ್ಜ್. ಹಿಂಬದಿಗೆ ಕಪ್ಪು ಬಣ್ಣ ಬಳಿದು ತೆಳ್ಳಗೆ ಕಾಣುವಂತೆ ಮಾಡಿದ್ದ. ಚೆಂಡಿಗೆ ತಾಕುವ ಮುಖ ಮಾತ್ರ ಸವೆದು ಫಳಫಳ ಹೊಳೆಯುತ್ತಿತ್ತು. ಆ ಚೀಲದಲ್ಲಿ ಅಷ್ಟು ದುಡಿದ ಕೋಲು ಇನ್ನೊಂದಿರಲಿಲ್ಲ.

"ಇದೇನಣ್ಣಾ?"

"ಸೊಂಟ ಹಿಡ್ಕೊಂಡಿತ್ತಲ್ಲ, ಆಗ ತಗೊಂಡಿದ್ದು. ಗುಂಡಿಗೆ ಮಾತ್ರ. ಒಳಗೆ ನಿಂತ್ರೆ ಮೇಲಿರೋರಿಗೆ ನನ್ನ ಟೋಪಿ ಬಿಟ್ಟು ಏನೂ ಕಾಣಲ್ಲ."

"ಮತ್ತೆ ಟ್ಯೂಬು, ಈಜು ಅಂತ ಏನೇನೋ ಅಂದ್ಯಲ್ಲ ಮಗೂಗೆ!"

"ನಾಲ್ಕು ಜನ ಇದ್ದಾಗ ಮತ್ತೇನು ಹೇಳ್ಲಿ?"

"ನಾಳೆ ಇದು ಅವಳ ಕೈಗೆ."

"ನಾಳೆ ನನ್ನ ಆಟಾನೂ ಇದೆ!"

"ಅವಳದ್ದು ನೀನು ತಗೋ. ಕೊಬ್ಬು ಕರಗಿದೆಯಲ್ಲ."

ಭಾನುವಾರ ಮಗಳ ಆಟ ಚೆಂಡು ಬೀಳಿಸಬೇಕಾದ ಕೊನೆಯ ಕುಳಿಯವರೆಗೂ ಕತ್ತಿಯ ಮೇಲೆ ನಡೆಯಿತು. ಅಲ್ಲಿ ಚೆಂಡು ಆಳದ ಮರಳುಗುಂಡಿಗೆ ಬಿತ್ತು. ಒಂದೇ ಏಟಿಗೆ ಹೊರಬಂದರೆ ತಂಡದ ಕೊನೆಯ ಜಾಗ, ಇಲ್ಲದಿದ್ದರೆ ಇಲ್ಲ. ಅವಳು ಒಳಗಿಳಿದಳು. ಹಗ್ಗದಾಚೆ ನಿಂತ ನನಗೂ ಟೋಪಿ ಮಾತ್ರ ಕಾಣುತ್ತಿತ್ತು. ಟೋಪಿ ಅಲುಗಿತು, ಮರಳು ಹಾರಿತು, ಅದರೊಳಗಿಂದ ಚೆಂಡು ಸೋಮಾರಿಯ ಹಾಗೆ ಎದ್ದು ಹಸಿರಿನ ಮೇಲೆ ಬಿದ್ದು, ಉರುಳಿ, ಕುಳಿಯಿಂದ ಎರಡು ಗೇಣು ದೂರದಲ್ಲಿ ನಿಂತಿತು. ಅಲ್ಲಿಂದ ಅವಳ ಗುರಿ ತಪ್ಪಲಿಲ್ಲ. ತಂಡದ ಹೆಸರುಗಳನ್ನು ಓದಿದಾಗ ಅವಳದು ಕೊನೆಯದು.

ಟೀ ಮೇಜಿನಲ್ಲಿ ಅಣ್ಣ ಮುಖ ಊದಿಸಿಕೊಂಡಿದ್ದ. "ನಿಮ್ಮಣ್ಣ ಇವತ್ತು ಮೂರು ಗುಂಡಿ ಉತ್ತು ಬಂದ್ರು," ಎಂದರು ವಕೀಲರು. "ಬಿತ್ತನೆ ಒಂದು ಬಾಕಿ." ಆಮೇಲೆ ಮಗಳ ಕಡೆ ತಿರುಗಿದರು: "ಭೇಷ್ ಕಣಮ್ಮ! ಆ ಕೊನೇ ಗುಂಡಿಯಿಂದ ತೆಗೆದ ವೆಡ್ಜ್ ಯಾವುದು, ತೋರ್ಸು."

ಅವಳು ಅದನ್ನು ಮೇಜಿನ ಮೇಲಿಟ್ಟಳು. "ಮಾವಂದು. ತಗೊಳ್ಳಿ ಮಾವ, ತುಂಬ ಥ್ಯಾಂಕ್ಸ್."

ವಕೀಲರ ಹುಬ್ಬು ಮೇಲೇರಿತು. ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. ಅಣ್ಣ ಕಪ್ಪನ್ನು ತುಟಿಗೆ ಹಿಡಿದವನು ಇಳಿಸಲೇ ಇಲ್ಲ.

"ನಂದಾ? ನಂದಲ್ಲಪ್ಪ ಅದು. ನಾನ್ಯಾಕೆ ಅಂಥದ್ದು ಇಟ್ಕೊಳ್ಲಿ?"

ಮಗಳು ನನ್ನ ಮುಖ ನೋಡಿದಳು. ಅವನಿಂದ ಎರಡು ವರ್ಷ ಕೇಳಿದ ಉಪದೇಶವೆಲ್ಲ ಬಡ್ಡಿ ಸಮೇತ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸೋಮವಾರ ಶಾಲೆಯ ಗೇಟಿನಲ್ಲಿ ಅವಳಿಗಾಗಿ ನಿಲ್ಲುವವನು ಇವನೇ. ನುಂಗಿಕೊಂಡೆ.

"ಮಾವಂದಲ್ಲ ಅಂದ್ಮೇಲೆ ನಿಂದೇ," ಎಂದೆ. "ಚೀಲಕ್ಕೆ ಹಾಕ್ಕೋ."

ಅವಳು ಹಾಕಿಕೊಂಡಳು. ಈ ಸಲ ತಲೆ ಮೇಲಾಗಿ.

ಅಣ್ಣ ನಮ್ಮನ್ನು ಕಾರಿನಲ್ಲಿ ಮನೆಗೆ ಬಿಡಲು ಹೊರಟ. ಕೊನೆಯ ತಿರುವಿನಲ್ಲಿ ಕನ್ನಡಿಯೊಳಗೆ ಅವಳನ್ನು ನೋಡಿದ. "ಜಿಂಕೆ, ಬುಧವಾರ ನಮ್ಮ ಆಟ ಇದೆ. ಅವತ್ತೊಂದು ದಿನ..."

"ಅವತ್ತು ನಮಗೆ ಪ್ರಾಕ್ಟೀಸ್ ಮಾವ," ಎಂದಳು ಹಿಂದಿನ ಸೀಟಿನಿಂದ. "ಕಾಲುಚೀಲ ಬೇಕಾದ್ರೆ ತಗೊಳ್ಳಿ."

ಉಜ್ಜಿದ ವೆಡ್ಜನ್ನು ಅವನು ನನಗೇ ಮರಳಿಸಿದ್ದ. ಅದು ನನ್ನ ಮಡಿಲ ಮೇಲೆ ಅಡ್ಡವಾಗಿ ಮಲಗಿತ್ತು. ಅದನ್ನೇನು ಮಾಡಬೇಕು ಎಂದು ಮಾತ್ರ ಯಾರೂ ಸಲಹೆ ಕೊಡಲಿಲ್ಲ.